ಎಲ್ಡನ್‌ನ ಪಿಕಪ್ ಕಾಣದ ಮೂರು ದಿನ

ನೆಬ್ರಾಸ್ಕಾದ ಆ ಊರಿನಲ್ಲಿ ಎಲ್ಡನ್‌ನ ಮುಖ ಬಲ್ಲವರಿಗಿಂತ ಅವನ ಕೆಂಪು ಪಿಕಪ್ ಬಲ್ಲವರೇ ಹೆಚ್ಚು. ಎದುರಿಗೆ ಬಂದವರೆಲ್ಲ ನಮಸ್ಕಾರವೆಂಬಂತೆ ಸ್ಟಿಯರಿಂಗಿನ ಮೇಲಿಂದ ಒಂದು ಬೆರಳು ಎತ್ತುವರು, ಅವನೂ ಎತ್ತುವನು. ಬೇಸಾಯ ಬಿಟ್ಟ ಮೇಲೆ ಆ ಗಾಡಿಯಲ್ಲಿ ಅವನು ಹೇರಿದ್ದು ವರ್ಷಕ್ಕೊಂದು ಕ್ರಿಸ್‌ಮಸ್ ಮರ ಮಾತ್ರ. ಆದರೂ "ಯಾವತ್ತಾದ್ರೂ ಬೇಕಾಗುತ್ತೆ" ಎಂದು ದಿನಾ ಒರೆಸುತ್ತಿದ್ದ.

ಹೆಂಡತಿ ಲವೋನ್‌ಗೆ ಸೊಂಟದ ಕೀಲು ಬದಲಾಯಿಸಿದಾಗ ಪಿಕಪ್ಪಿಗೆ ಸಂಚಕಾರ ಬಂತು. ತಗ್ಗಿನಲ್ಲಿ ಕೂರಬಾರದು, ಎತ್ತರ ಹತ್ತಬಾರದು ಎಂದರು ಡಾಕ್ಟರು. ಎಲ್ಡನ್ ಅಡುಗೆಮನೆಯ ಕುರ್ಚಿಯನ್ನೇ ಹೊತ್ತುಕೊಂಡು ಗಾಡಿ ಮಾರುವ ಅಂಗಳಕ್ಕೆ ಹೋದ. ಕಾರಿನ ಸೀಟು ಕುರ್ಚಿಗಿಂತ ಗೇಣು ಕೆಳಗೆ, ಪಿಕಪ್ಪಿನದು ಮೊಳ ಮೇಲೆ. ಕುರ್ಚಿಗೆ ಸರಿಸಮ ನಿಂತದ್ದು ಒಂದು ಬೂದುಬಣ್ಣದ ಕ್ರಾಸ್‌ಓವರ್, ಅತ್ತ ಕಾರೂ ಅಲ್ಲದ ಇತ್ತ ಜೀಪೂ ಅಲ್ಲದ ಗಾಡಿ. ಶನಿವಾರದವರೆಗೆ ಓಡಿಸಿ ನೋಡಿ, ಒಪ್ಪಿಗೆಯಾದರೆ ಬದಲಿಗೆ ಪಿಕಪ್ ತಂದುಕೊಡಿ ಎಂದ ಮಾರುವವನು.

ಪಿಕಪ್ ಕೊಟ್ಟಿಗೆ ಸೇರಿತು. ಬೂದು ಗಾಡಿಯಲ್ಲಿ ಎಲ್ಡನ್ ಮೂರು ದಿನ ಬೆರಳು ಎತ್ತಿದ್ದೇ ಎತ್ತಿದ್ದು. ಒಂದು ನರಪಿಳ್ಳೆಯೂ ತಿರುಗಿ ಎತ್ತಲಿಲ್ಲ. ಗಾಡಿ ನೋಡುವವರು ಮುಖ ನೋಡುತ್ತಾರೆಯೇ? ಅವನಿಗೆ ಊಟ ಸೇರದಾಯಿತು, ಕಾಫಿ ಅಂಗಡಿಗೆ ಹೋಗಲೂ ನಾಚಿಕೆಯಾಯಿತು.

ನಾಲ್ಕನೆಯ ಬೆಳಗ್ಗೆ ಪಕ್ಕದ ಹೊಲದ ಡೋರಿಸ್ ಬಾಗಿಲು ಬಡಿದಳು. ಕೈಯಲ್ಲಿ ಚೀಸ್ ಸುರಿದ ಬಿಸಿ ಆಲೂಗಡ್ಡೆಯ ಬೋಗುಣಿ. ಆ ಊರಲ್ಲಿ ಅದನ್ನು ಒಯ್ಯುವುದು ಸಾವಿನ ಮನೆಗೆ.

"ಪಿಕಪ್ ಕಾಣ್ಲಿಲ್ಲ, ಅಂಗಳದಲ್ಲಿ ಯಾರೋ ನೆಂಟರ ಗಾಡಿ ನಿಂತಿದೆ. ಆಗ್ಲೇ ಅಂದ್ಕೊಂಡೆ ಕಣೇ," ಎಂದು ಕಣ್ಣೊರೆಸಿಕೊಂಡಳು. "ತುಂಬಾ ನರಳಿದ್ನಾ?"

"ನರಳಿದ, ನರಳಿದ. ಮೂರು ದಿನ," ಎಂದು ಲವೋನ್ ಬೋಗುಣಿ ಇಸಿದುಕೊಂಡಳು.

ಡೋರಿಸ್ ಹೋದ ಮೇಲೆ, ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದ ಎಲ್ಡನ್ ಕೆಂಡವಾದ. "ಬದುಕಿದಾನೆ ಅಂತ ಹೇಳೋಕೆ ನಿನಗೇನಾಗಿತ್ತು?"

"ಹೇಳಿದ್ರೆ ವಾಪಸ್ ಒಯ್ತಿದ್ಲು. ಬಿಸಿಯಾಗಿದೆ, ತಿನ್ನಪ್ಪ."

ಮಧ್ಯಾಹ್ನ ಸಾವಿನ ಸುದ್ದಿ ಕೇಳಿ ಮರ್ಲಿನ್ ಬಂದ, ಕಾಫಿ ಅಂಗಡಿಯಲ್ಲಿ ಮೂವತ್ತು ವರ್ಷ ಎಲ್ಡನ್‌ನ ಎದುರಿಗೆ ಕೂತ ಗೆಳೆಯ. ತನ್ನ ಬಗ್ಗೆ ಏನು ಹೇಳುತ್ತಾನೋ ಎಂದು ಎಲ್ಡನ್ ಅಡುಗೆಮನೆ ಬಾಗಿಲ ಹಿಂದೆ ನಿಂತು ಕಿವಿಗೊಟ್ಟ.

"ಎಂಥಾ ಗಾಡಿ ಇಟ್ಟಿದ್ದ ಪುಣ್ಯಾತ್ಮ!" ಎಂದು ಮರ್ಲಿನ್ ಬಿಕ್ಕಿದ. "ಒಂದು ಗೀರಿಲ್ಲ. ಮಾರೋದಾದ್ರೆ ಮೊದ್ಲು ನನಗೆ ಹೇಳು ತಾಯಿ. ಪಾಪ, ಅದ್ರಲ್ಲಿ ಯಾವಾಗ್ಲೂ ಒಬ್ಬನೇ ಓಡಾಡ್ತಿದ್ದ."

"ಒಬ್ಬನೇ ಎಲ್ಲಿ? ಪಕ್ಕದಲ್ಲಿ ನಾನಿರ್ತಿದ್ದೆ. ಕುಳ್ಳಿ ನಾನು, ಕಿಟಕಿಗೆ ಕೂದಲಷ್ಟೇ ಕಾಣೋದು."

ಮರ್ಲಿನ್ ತಲೆ ತಗ್ಗಿಸಿದ. "ನಾಯಿ ಅಂದ್ಕೊಂಡಿದ್ದೆ."

ಎಲ್ಡನ್‌ಗೆ ನಗು ಬಂತು, ಅರ್ಧಕ್ಕೇ ನಿಂತುಹೋಯಿತು. ಬೆರಳಿಗಾಗಿ ಮೂರು ದಿನ ಒದ್ದಾಡಿದವನು ತಾನು. ಇವಳು ತನಗೊಂದು ಬೆರಳೂ ಇಲ್ಲದೆ ನಲವತ್ತೊಂದು ವರ್ಷ ಪಕ್ಕದಲ್ಲೇ ಕೂತಿದ್ದಳು. ಬಾಗಿಲು ತಳ್ಳಿ ಹೊರಗೆ ಬಂದ. ಮರ್ಲಿನ್ ಕಿಟಾರನೆ ಕಿರುಚಿ ಸೋಫಾದ ಹಿಂದೆ ಅಡಗಿದ.

"ಎದ್ದೇಳೋ. ಗಾಡಿ ನಿನಗಿಲ್ಲ, ಶನಿವಾರ ಗಾಡಿ ಮಾರೋನ ಅಂಗಳಕ್ಕೆ ಬಿಡ್ತೀನಿ," ಎಂದ ಎಲ್ಡನ್.

ಬಿಟ್ಟೂ ಬಂದ. ಭಾನುವಾರ ಬೂದು ಗಾಡಿಯಲ್ಲಿ ಇಬ್ಬರೂ ಚರ್ಚಿಗೆ ಹೋಗುವಾಗ ಮರ್ಲಿನ್‌ನ ಪಿಕಪ್ ಎದುರಾಯಿತು. ಮರ್ಲಿನ್ ಬಗ್ಗಿ ನೋಡಿ ಬೆರಳು ಎತ್ತಿದ. ಎಲ್ಡನ್‌ನ ಬೆರಳು ತಾನಾಗಿ ಎದ್ದಿತು. ಅದನ್ನು ಮಡಚಿ ಪಕ್ಕಕ್ಕೆ ತಿರುಗಿದ.

"ನಿನಗೆ ಕಣೇ," ಎಂದ.

ಲವೋನ್ ಐದು ಬೆರಳನ್ನೂ ಎತ್ತಿದಳು.