ಸೆರಗಿನಲ್ಲಿ ಸೋಸಿದ ನೀರು

ಚಿಕ್ಕೇರೂರಿನ ನಮ್ಮ ಸೋದರತ್ತೆ ಶಿವಬಸವ್ವನ ಬಾಯಿಗೆ ಊರೇ ಹೆದರುತ್ತಿತ್ತು. ಅವಳು ಹೆದರುತ್ತಿದ್ದುದು ಊರ ಮೆಟ್ಟಿಲು ಬಾವಿಯ ನೀರಿಗೆ. ಅದನ್ನು ಕುಡಿದವರ ಕಾಲಲ್ಲಿ ವರ್ಷ ತುಂಬುವಷ್ಟರಲ್ಲಿ ನಾರುಹುಣ್ಣು ಎದ್ದು, ದಾರದಂಥ ಹುಳು ಹೊರಬರುತ್ತಿತ್ತು. ಮಾವ ಕರಬಸಪ್ಪನಂತೂ ಸರಿಯಾಗಿ ಬಿತ್ತನೆಯ ಹೊತ್ತಿಗೇ ಹಾಸಿಗೆ ಹಿಡಿಯುತ್ತಿದ್ದ.

ಮೂವತ್ತೈದನೇ ಇಸವಿಯ ಸುಮಾರಿಗೆ ಊರಿಗೆ ಬಂದ ಡಾಕ್ಟರೊಬ್ಬರು, ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ ಕುಡಿದರೆ ಈ ಹುಳು ಬರುವುದಿಲ್ಲ ಎಂದು ಹೇಳಿಹೋದರು. ಸೋಸುವುದು ನಮಗೇನು ಹೊಸದೇ? ಲಿಂಗಪೂಜೆಯ ತಂಬಿಗೆಗೆ ದಿನವೂ ಸೋಸುತ್ತಿದ್ದೆವು. ಕುಡಿಯುವ ಕೊಡವನ್ನು ಮಾತ್ರ ಹಾಗೇ ತುಂಬಿಸಿ ತರುತ್ತಿದ್ದೆವು. ಅತ್ತೆಗೆ ಸಿಟ್ಟು ನೆತ್ತಿಗೇರಿತು.

“ಲಿಂಗಕ್ಕ ಸೋಸಿದ ನೀರು, ಗಂಡಗ ಹುಳದ ನೀರು! ಲಿಂಗಕ್ಕೇನು ಕಾಲುಬ್ಯಾನಿ ಬರ್ತೈತೇನು?”

ಅಂದಿನಿಂದ ಆ ಮನೆಯಲ್ಲಿ ಸೋಸದ ಹನಿ ಯಾರ ಬಾಯಿಗೂ ಹೋಗಲಿಲ್ಲ. ಊರವರು ನಕ್ಕರು. ಎರಡನೆಯ ಮುಂಗಾರಿಗೆ ಮಾವ ಬಿತ್ತನೆಗೆ ತಾನೇ ಕೂರಿಗೆ ಹೂಡಿದ. ಅತ್ತೆ ಹಬ್ಬವಿಲ್ಲದೆ ಹುಣ್ಣಿಮೆಯಿಲ್ಲದೆ ಹೋಳಿಗೆ ಮಾಡಿ ನಮಗೆಲ್ಲ ಬಡಿಸಿದಳು.

ಆಮೇಲೆ ಮಗಳು ಸುಶೀಲವ್ವನಿಗೆ ಹಾನಗಲ್ ಕಡೆಯ ಒಂದು ಸಂಬಂಧ ಬಂತು. ಹುಡುಗ ಬಂಗಾರದಂಥವನು; ಇದೊಂದು ಕೂಡಿಬರಲಿ ಎಂದು ಅತ್ತೆ ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದಳು. ಮನೆ ನೋಡಲು ನಾನೂ ಜೊತೆಗೆ ಹೋಗಿದ್ದೆ. ಹುಡುಗನ ತಾಯಿ ಭರಮವ್ವ ಬೆಲ್ಲದ ಜೊತೆ ತಂಬಿಗೆ ನೀರು ತಂದಿಟ್ಟಳು. ಅತ್ತೆ ತಂಬಿಗೆಯೊಳಗೆ ಇಣುಕಿ ನೋಡಿದಳು. ಆಮೇಲೆ ಸೆರಗನ್ನು ಮಡಿಚಿ ತಂಬಿಗೆಯ ಬಾಯಿಗೆ ಹಿಡಿದು ಕುಡಿದೇಬಿಟ್ಟಳು!

ಭರಮವ್ವನ ಮುಖ ಕಪ್ಪಿಟ್ಟಿತು. “ಯಾಕ್ರೀ, ನಮ್ಮನಿ ನೀರು ಹೊಲಸ ಅದಾವೇನ್ರಿ?”

ಸಂಬಂಧ ಮುರಿದುಬಿತ್ತು ಎಂದುಕೊಂಡೆ.

“ನಿಮ್ಮನಿಗೆ ಅಲ್ರೀ, ಬಾವಿಗೆ ಅಂಜತೇನಿ,” ಎಂದಳು ಅತ್ತೆ. ಆ ಗಟ್ಟಿ ದನಿಯೂ ನಡುಗುತ್ತಿತ್ತು. “ನನ್ನ ಮಗಳೂ ಹಿಂಗ ಕುಡಿಯಾಕಿ. ನಿಮಗ ಬ್ಯಾಡಂದ್ರ ಈಗ ಹೇಳಿಬಿಡ್ರಿ.”

ಹುಡುಗನ ತಂದೆ ದ್ಯಾಮಪ್ಪ ಅಲ್ಲಿಯವರೆಗೂ ಮೂಲೆಯಲ್ಲಿ ಕಾಲು ಚಾಚಿ, ಮೇಲೆ ಕಂಬಳಿ ಹೊದ್ದು ಕೂತಿದ್ದ. ಈಗ ಕಂಬಳಿ ಸರಿಸಿದ. ಬಾತ ಪಾದ, ಹುಣ್ಣಿನಿಂದ ಎಳೆದು ಕಡ್ಡಿಗೆ ಸುತ್ತಿದ ಹುಳು.

“ಇದನ್ನ ಕಂಡ್ರ ನೀವು ಹುಡುಗಿ ಕೊಡೂದಿಲ್ಲಂತ ಮುಂಜಾನಿಂದ ಮುಚ್ಚಿಕೊಂಡು ಕುಂತೇನ್ರಿ ಯವ್ವಾ,” ಎಂದ.

ಭರಮವ್ವ ಒಳಗೆ ಹೋಗಿ ಇನ್ನೊಂದು ತಂಬಿಗೆ ನೀರು ತಂದಳು. ತನ್ನ ಸೆರಗನ್ನೇ ಅದರ ಬಾಯಿಗೆ ಹಿಡಿದು, ಮೊದಲು ಗಂಡನಿಗೆ ಕುಡಿಸಿದಳು. ಆಮೇಲೆ ಅತ್ತೆಯ ಕಡೆ ತಿರುಗಿ ಕೇಳಿದಳು:

“ಬೀಗತಿ, ನಿಶ್ಚಯ ಯಾವಾಗ ಇಟ್ಕೊಳ್ಳೂಣ್ರಿ?”