ಸೀರೆ ಡಬ್ಬಿಯ ರೋಬೋ

ಸೂರತ್ತಿನ ಬ್ಯಾಂಕಿನಲ್ಲಿ ನನ್ನ ಪಕ್ಕದ ಕೌಂಟರಿನವರು ಧಾರವಾಡದ ಕಡೆಯವರು. ಗಿರಾಕಿಗಳು ಫೋನಿನಲ್ಲಿ ಮಾತಾಡುತ್ತಲೇ, ಅವರ ಮುಖ ಕೂಡ ನೋಡದೆ ಪಾಸ್‌ಬುಕ್ ತಳ್ಳುತ್ತಿದ್ದರು. ಇವರು "ಇರ್ಲಿ ಬಿಡ್ರಿ" ಎಂದು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಸಂಜೆಯಾದರೆ ಜವಳಿ ಮಾರ್ಕೆಟ್ಟಿನಲ್ಲಿ ಎಸೆದ ರಟ್ಟಿನ ಸೀರೆ ಡಬ್ಬಿಗಳನ್ನು ಹೊತ್ತು ತಂದು, ಕತ್ತರಿಸಿ, ಜರಿ ಅಂಟಿಸಿ ರೋಬೋ ವೇಷ ಕಟ್ಟುತ್ತಿದ್ದರು.

ಒಂದು ಶನಿವಾರ ವಡೋದರಾದ ಕಾಲೇಜೊಂದರಲ್ಲಿ ನಡೆದ ಕಾಮಿಕ್ಸ್ ಪಾತ್ರಗಳ ವೇಷ ತೊಟ್ಟು ಬರುವ ಅಭಿಮಾನಿಗಳ ಮೇಳಕ್ಕೆ ನನ್ನನ್ನೂ ಎಳೆದುಕೊಂಡು ಹೋದರು. ವೇಷ ತೊಟ್ಟದ್ದೇ ತಡ, ಅವರ ಜೊತೆ ಫೋಟೋಗೆ ಹುಡುಗ ಹುಡುಗಿಯರ ಸಾಲೇ ನಿಂತಿತು. ಮಧ್ಯಾಹ್ನ ಸೆಕೆ ತಾಳಲಾರದೆ ರಟ್ಟಿನ ತಲೆ ಕಳಚಿದರು. ಒಳಗೆ ಬೆವರಿದ ನರೆಗೂದಲು. "ಅರೇ, ಯೇ ತೋ ಅಂಕಲ್ ಹೈ" ಎಂದು ನಕ್ಕು ಸಾಲು ಚದುರಿತು. ಒಬ್ಬಳಂತೂ ಆಗಲೇ ತೆಗೆದಿದ್ದ ಫೋಟೋವನ್ನು ಅವರೆದುರೇ ಅಳಿಸಿದಳು. ನನಗೆ ಮೈಯೆಲ್ಲ ಉರಿಯಿತು. ಅವರು "ಇರ್ಲಿ ಬಿಡ್ರಿ" ಎಂದು ರಟ್ಟಿನ ತಲೆ ಮತ್ತೆ ಹಾಕಿಕೊಂಡರು.

ವಾಪಸು ಬರುವಾಗ ರೈಲಿನಲ್ಲೂ ಅದನ್ನು ತೆಗೆಯಲಿಲ್ಲ. ಟಿಕೆಟ್ ನೋಡಲು ಬಂದವರು ಇವರ ಆಧಾರ್ ಕಾರ್ಡು ಕೈಯಲ್ಲಿ ಹಿಡಿದು, ಮುಖ ತೋರಿಸಿ ಎಂದರು. ಇವರು ನಿಧಾನವಾಗಿ ತಲೆ ಕಳಚಿ ನನ್ನ ಕಡೆ ತಿರುಗಿದರು.

"ನೋಡ್ರಿ, ಇವತ್ತ ನನ್ನ ಮುಖ ಬೇಕಾಗಿದ್ದು ಇವ್ರೊಬ್ರಿಗೇ."