ಹಾಡು ನಿಂತ ಮೇಲೆ

ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹರಿದ ಹೊದಿಕೆಗಳಿಗೆ ತೇಪೆ ಹಾಕುವುದು, ನರ್ಸುಗಳ ಕೋಟಿಗೆ ಗುಂಡಿ ಹೊಲಿಯುವುದು ಅವಳ ಕೆಲಸ. ಆದರೆ ಹೊಲಿಗೆಯವಳು ಎಂದು ಅವಳನ್ನು ಯಾರೂ ಕರೆದವರಲ್ಲ; ಎಲ್ಲರಿಗೂ ಅವಳು ಹಾಡಿನಕ್ಕ. ಹೊಲಿಗೆ ಮಿಷನ್ನಿನ ಸದ್ದನ್ನೇ ತಾಳ ಮಾಡಿಕೊಂಡು ಹಾಡತೊಡಗಿದರೆ ಇಸ್ತ್ರಿ ಹಾಕುವವರ ಕೈ ತಾನಾಗಿ ನಿಲ್ಲುತ್ತಿತ್ತು. ಇಪ್ಪತ್ತಾರು ವರ್ಷ ಪ್ರತಿ ಭಾನುವಾರ ಚರ್ಚಿನಲ್ಲಿ ಮೊದಲ ದನಿ ಎತ್ತಿದವಳೂ ಅವಳೇ. ನಂಬಿಕೆ ಅಂದರೆ ಅವಳದು ಎಂದು ಹಿರಿಯರು ಹೊಗಳಿದಾಗ, ಇರಬಹುದು ಎಂದು ಅವಳೂ ಒಳಗೊಳಗೇ ಒಪ್ಪಿಕೊಂಡಿದ್ದಳು.

ಅಂಥವಳ ಗಂಟಲಲ್ಲೇ ಗಡ್ಡೆ ಎದ್ದಿತು. ಅದೇ ಆಸ್ಪತ್ರೆಯ ಡಾಕ್ಟರು ಆಪರೇಷನ್ ಮಾಡಿದರು. ಜೀವಕ್ಕೆ ಅಪಾಯವಿಲ್ಲ, ದೊಡ್ಡ ಗಂಡಾಂತರ ಕಳೆಯಿತು ಎಂದರು. ದನಿಯ ನರಕ್ಕೆ ಮಾತ್ರ ಪೆಟ್ಟಾಗಿದೆ, ಮಾತು ನಿಧಾನಕ್ಕೆ ಬಂದೀತು, ಹಾಡಿನ ಭರವಸೆ ಕೊಡಲಾರೆ ಎಂದೂ ಹೇಳಿದರು. ಹೇಳಬೇಕಾದ್ದನ್ನೆಲ್ಲ ಅವಳು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಬೇಕಾಯಿತು.

ಬಸ್ ರಿಪೇರಿ ಮಾಡುವ ಗಂಡ ಗ್ರೀಸು ಹತ್ತಿದ ಕೈಯನ್ನು ಮೂರು ಸಲ ಉಜ್ಜಿ ತೊಳೆದು ಅವಳಿಗೆ ಗಂಜಿ ಕುಡಿಸುತ್ತಿದ್ದ. "ಮದುವೆಯಾಗಿ ಮೂವತ್ತು ವರ್ಷಕ್ಕೆ ಈ ಮನೇಲಿ ಕೊನೇ ಮಾತು ನಂದಾಯ್ತು ನೋಡು" ಎಂದ ಒಂದು ದಿನ. ಅವಳು ಸದ್ದಿಲ್ಲದೆ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು.

ತಿಂಗಳಾದ ಮೇಲೆ ಕೆಲಸಕ್ಕೆ ಮರಳಿದಳು, ಚರ್ಚಿಗೂ ಹೋದಳು. ಅವಳ ಜಾಗದಲ್ಲಿ ಶಿಶುವಿಹಾರದ ಟೀಚರು ನಿಂತಿದ್ದಳು. ಮೂರನೇ ಚರಣದ ಮೇಲಿನ ಸ್ವರದಲ್ಲಿ ಆ ಹುಡುಗಿಯ ದನಿ ಜಾರಿತು. ಹಾಡಿನಕ್ಕನ ಮನಸ್ಸು ತಟ್ಟನೆ, ಆಗಲಿ, ಹಾಗೇ ಆಗಬೇಕು ಎಂದಿತು. ಮರುಕ್ಷಣ ಅವಳು ತನ್ನ ಮನಸ್ಸಿಗೆ ತಾನೇ ಬೆಚ್ಚಿದಳು. ಇಷ್ಟು ವರ್ಷ ತಾನು ಹೊಗಳಿದ್ದು ದೇವರನ್ನೋ, ತನ್ನ ಗಂಟಲನ್ನೋ? ಹಾಡು ತೆಗೆದರೆ ಒಳಗೆ ಏನಾದರೂ ಉಳಿದಿದೆಯೋ, ಬರೀ ಟೊಳ್ಳೋ? ಮುಂದಿನ ಮೂರು ಭಾನುವಾರ ಅವಳು ಚರ್ಚಿನ ಕಡೆ ತಲೆ ಹಾಕಲಿಲ್ಲ.

ಚರ್ಚಿನ ಪಾದ್ರಿ ಅಯ್ಯನವರು ತಾವೇ ಮನೆಗೆ ಬಂದರು. ಮೊಣಕಾಲು ನೋವಿನ ಮುದುಕರು. ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತ ಕೂತರು. ಅವಳು ನಡೆದದ್ದನ್ನೆಲ್ಲ ಬರೆದು, ಕೊನೆಗೆ 'ನನ್ನ ನಂಬಿಕೆ ನಿಜವಾದದ್ದಾ?' ಎಂದು ಕೇಳಿ ಪುಸ್ತಕ ಅವರತ್ತ ದೂಡಿದಳು. ಅವರು ಎರಡು ಸಲ ಓದಿದರು. ಬೈಬಲಿನ ವಚನ ಹೇಳಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ.

"ಈ ಮೂರು ವಾರ ದೇವರ ಜೊತೆ ಮಾತು ಬಿಟ್ಟಿದ್ದೀಯೇನಮ್ಮಾ?"

ಅವಳು ಯೋಚಿಸಿ ಬರೆದಳು: 'ಇಲ್ಲ. ದಿನಾ ಜಗಳ.'

"ಸರಿ. ಅದನ್ನ ನಿಲ್ಲಿಸ್ಬೇಡ" ಎಂದು ಅವರು ನೀರು ಕೇಳಿ ಕುಡಿದರು. ಹೊರಡುವಾಗ ಬಾಗಿಲಲ್ಲಿ ನಿಂತು, "ಹೊಟ್ಟೆಕಿಚ್ಚನ್ನ ನನ್ನ ಹತ್ರ ಹೇಳಿದೆ. ಹೇಳ್ಬೇಕಾದವಳು ಬೇರೆ ಇದ್ದಾಳಲ್ವಾ?" ಎಂದರು.

ಹೇಗೆ ಹೋಗಿ ಹೇಳುವುದು ಎಂದು ಅವಳು ಮೀನಮೇಷ ಎಣಿಸುತ್ತಿರುವಾಗಲೇ ಟೀಚರು ಬಟ್ಟೆ ಕೋಣೆಗೇ ಬಂದಳು. ಮೂರನೇ ಚರಣ ಎಷ್ಟು ಅಭ್ಯಾಸ ಮಾಡಿದರೂ ಕೈಕೊಡುತ್ತಿದೆ, ದಾರಿ ತೋರಿಸಿ ಎಂದು ಕೇಳಿದಳು. ಚೆನ್ನಾಗೇ ಹಾಡುತ್ತೀಯ ಬಿಡು ಎಂದು ಬರೆದು ಸಾಗಹಾಕುವುದು ಸುಲಭವಿತ್ತು. ಪೆನ್ನೂ ಕೈಗೆ ಬಂದಿತ್ತು. ಆದರೆ ಬರೆದದ್ದು ಬೇರೆ: 'ಅವತ್ತು ನಿನ್ನ ದನಿ ಜಾರಿದಾಗ ನಂಗೆ ಖುಷಿಯಾಯ್ತು. ಕ್ಷಮಿಸು ತಾಯೀ.'

ಟೀಚರು ಓದಿ ಪುಸ್ತಕವನ್ನು ಅವಳತ್ತ ತಿರುಗಿಸಿಟ್ಟಳು.

"ನಾನೂ ಒಂದು ಹೇಳ್ಬೇಕು ಅಕ್ಕ. ನಿಮ್ಮ ಜಾಗ ನಂಗೆ ಸಿಕ್ತು ಅಂದಾಗ ಕುಣಿಯೋಷ್ಟು ಖುಷಿಯಾಗಿತ್ತು. ನಿಮಗೆ ಹುಷಾರಿಲ್ಲ ಅನ್ನೋದು ಆಮೇಲೆ ನೆನಪಾಯ್ತು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಆಮೇಲೆ ಹಾಡಿನಕ್ಕ ಮೇಜಿನ ಮೇಲೆ ಬೆರಳಿನಿಂದ ತಾಳ ತಟ್ಟಿದಳು. ಉಸಿರು ಎಲ್ಲಿ ಎಳೆಯಬೇಕು ಎಂಬುದನ್ನು ಹುಡುಗಿಯ ಪಕ್ಕೆಯ ಮೇಲೆ ಅಂಗೈ ಇಟ್ಟು ತೋರಿಸಿದಳು. ವಾರವಿಡೀ ಊಟದ ವೇಳೆ, ಅದು ಮುಗಿದ ಮೇಲೂ, ಇದೇ ಪಾಠ. ಅಷ್ಟೂ ದಿನ ಇಸ್ತ್ರಿಯವರು ಅವಳ ಪಾಲಿನ ಹೊದಿಕೆಗಳನ್ನು ಹಂಚಿಕೊಂಡು ಹೊಲಿದು ಮಡಿಸಿಟ್ಟರು. ಒಬ್ಬರೂ ಅದರ ಮಾತೆತ್ತಲಿಲ್ಲ.

ಭಾನುವಾರ ಹುಡುಗಿಯ ದನಿ ಆ ಸ್ವರವನ್ನು ಮುಟ್ಟಿ ಅಲ್ಲೇ ನಿಂತಿತು. ಹಾಡಿನಕ್ಕ ತನ್ನ ಎದೆಯನ್ನು ಕೆದಕಿ ನೋಡಿಕೊಂಡಳು. ಕಿಚ್ಚು ಪೂರ್ತಿ ಆರಿರಲಿಲ್ಲ, ಸುಳ್ಳು ಹೇಳಿ ಏನು ಬಂತು? ಆದರೆ ಅದರ ಪಕ್ಕದಲ್ಲೇ ಒಂದು ಸಂತೋಷ ಕೂತಿತ್ತು. ಅದು ತನ್ನ ಸ್ವಂತ ಸಂಪಾದನೆ ಅಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೊಟ್ಟವನೊಬ್ಬ ಇದ್ದಾನೆ ಎಂದಷ್ಟೇ ಅಂದುಕೊಂಡಳು.

ವರ್ಷ ತಿರುಗುವುದರೊಳಗೆ ಮಾತು ಮರಳಿತು, ಒಡಕು ದನಿಯಲ್ಲಿ. ಹಾಡು ಬರಲಿಲ್ಲ. ಅಯ್ಯನವರು ಒಂದು ಭಾನುವಾರ ಸ್ತೋತ್ರದ ಪ್ರಾರ್ಥನೆ ಮಾಡಲು ಅವಳನ್ನು ಕರೆದರು. ಡಾಕ್ಟರ ಕೈಗಾಗಿ, ಗಂಡನ ಗಂಜಿಗಾಗಿ, ಹೊಲಿದಿಟ್ಟ ಹೊದಿಕೆಗಳಿಗಾಗಿ, ಟೀಚರಿಗಾಗಿ, ಜಗಳ ಕೇಳಿಸಿಕೊಂಡದ್ದಕ್ಕಾಗಿ ಅವಳು ದೇವರಿಗೆ ವಂದನೆ ಹೇಳಿದಳು. ಹಿಂದಿನ ಸಾಲಿನವರು ಕೇಳಿಸದೆ ಮುಂದೆ ಬಂದು ಕೂತರು. ಅವಳು ಅವಸರ ಮಾಡಲಿಲ್ಲ.